ಉರಿ ಮುಟ್ಟಬೇಡಿ, ನಲ್ಲಿ ಸಣ್ಣ ಮಾಡಿ: ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ

ಮೊದಲ ಚಳಿಗಾಲದಲ್ಲಿ ನಮ್ಮವರು ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಬಿಸಿನೀರು ಉಗುರುಬೆಚ್ಚಗೆ ಬರ್ತಿದೆ, ಬಾಯ್ಲರ್ ಉರಿ ಜಾಸ್ತಿ ಮಾಡೋದು ಹೇಗೆ?"

ಉರಿ ಹಾಗೇ ಇರಲಿ. ನಲ್ಲಿಯನ್ನು ಸ್ವಲ್ಪ ಸಣ್ಣ ಮಾಡಿ.

ಇಲ್ಲಿ ತುಂಬಾ ಮನೆಗಳಲ್ಲಿ ಇರುವುದು ಕಾಂಬಿ ಬಾಯ್ಲರ್. ಅದು ಹಂಡೆಯ ಹಾಗೆ ನೀರು ಕಾಯಿಸಿ ಇಟ್ಟುಕೊಳ್ಳುವುದಿಲ್ಲ, ಊರಿನ ಗ್ಯಾಸ್ ಗೀಸರ್ ಥರ ಹರಿಯುವ ನೀರನ್ನೇ ಕಾಯಿಸುತ್ತದೆ. 24 ಕಿಲೋವ್ಯಾಟ್ ಬಾಯ್ಲರ್ ನಿಮಿಷಕ್ಕೆ 10 ಲೀಟರ್ ನೀರನ್ನು ಸುಮಾರು 35 ಡಿಗ್ರಿ ಏರಿಸಬಲ್ಲದು, ಅಷ್ಟೇ. ಬೇಸಿಗೆಯಲ್ಲಿ 15 ಡಿಗ್ರಿಯ ನೀರು 50 ಆಗುತ್ತದೆ. ಜನವರಿಯಲ್ಲಿ 5 ಡಿಗ್ರಿಯ ನೀರು ಬಂದರೆ 40ಕ್ಕೇ ನಿಲ್ಲುತ್ತದೆ. ನಲ್ಲಿ ಸಣ್ಣ ಮಾಡಿದರೆ ಅದೇ ಉರಿ ಕಡಿಮೆ ನೀರಿಗೆ ಸಿಕ್ಕಿ, ನೀರು ಹೆಚ್ಚು ಬಿಸಿಯಾಗುತ್ತದೆ. ದೀಪಾವಳಿಯ ಎಣ್ಣೆಸ್ನಾನಕ್ಕೆ ನಾನು ಬಕೆಟ್ ಇಟ್ಟು ಸಣ್ಣಗೆ ಬಿಡುತ್ತೇನೆ. ತಲೆಯ ಜಿಡ್ಡು ಹೋಗುವಷ್ಟು ಬಿಸಿ ಬರುತ್ತದೆ.

ಬಾಯ್ಲರ್ ಮೇಲೆ ಬಿಸಿ ಎಷ್ಟಿರಬೇಕೆಂದು ಹೊಂದಿಸುವ ಎರಡು ಗುರುತು ಇರುತ್ತವೆ: ಒಂದು ನಲ್ಲಿಯ ನೀರಿಗೆ, ಇನ್ನೊಂದು ಕೋಣೆ ಬೆಚ್ಚಗಿಡುವ ರೇಡಿಯೇಟರ್‌ಗೆ. ನಲ್ಲಿಯ ಗುರುತನ್ನು 50ರ ಹತ್ತಿರ ಇಡಿ. ರೇಡಿಯೇಟರ್ ಗುರುತು ಎಷ್ಟೋ ಮನೆಗಳಲ್ಲಿ ಸುಮ್ನೆ 75ರಲ್ಲಿ ಕೂತಿರುತ್ತದೆ. ಅದನ್ನು 60ಕ್ಕೆ ಇಳಿಸಿ ನೋಡಿ. ರೇಡಿಯೇಟರ್‌ನಿಂದ ವಾಪಸ್ ಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೆ ಹೊಗೆಯಲ್ಲಿರುವ ಹಬೆ ನೀರಾಗಿ, ಅದರ ಬಿಸಿಯೂ ಮನೆಗೇ ಸಿಗುತ್ತದೆ. ಗ್ಯಾಸ್ ಉಳಿಯುತ್ತದೆ. ಮನೆ ಬೆಚ್ಚಗಾಗಲು ಸ್ವಲ್ಪ ಹೆಚ್ಚು ಹೊತ್ತು ಬೇಕು, ನಿಜ. ಆದರೆ ಬಿಸಿನೀರು ಕೂಡಿಡಲು ಬೇರೆ ಸಿಲಿಂಡರ್ (ನೀರಿನ ಟ್ಯಾಂಕ್, ಗ್ಯಾಸಿನದ್ದಲ್ಲ) ಇರುವ ಮನೆಯಲ್ಲಿ ಹೀಗೆ ಮಾಡಬೇಡಿ. ಕೂಡಿಟ್ಟ ನೀರು 60 ಡಿಗ್ರಿ ಮುಟ್ಟಬೇಕು, ಇಲ್ಲವಾದರೆ ಕಾಯಿಲೆ ತರುವ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು.

ಇನ್ನು ಪ್ರೆಷರ್. ಮುಂದಿರುವ ಮುಳ್ಳು ತೋರಿಸುವುದು ರೇಡಿಯೇಟರ್ ನೀರಿನ ಒತ್ತಡ, ಗ್ಯಾಸಿನದ್ದಲ್ಲ. ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಇಳಿದಿದ್ದರೆ ಬಾಯ್ಲರ್ ಆರಿಸಿ, ತಣಿದ ಮೇಲೆ ಕೆಳಗಿನ, ನೀರು ತುಂಬಿಸುವ ಪೈಪಾದ ಫಿಲ್ಲಿಂಗ್ ಲೂಪ್‌ನ ವಾಲ್ವ್‌ಗಳನ್ನು ಮೆಲ್ಲಗೆ ತೆರೆಯಿರಿ. ಮುಳ್ಳು ಏರಿದ ಮೇಲೆ ಎರಡನ್ನೂ ಗಟ್ಟಿಯಾಗಿ ಮುಚ್ಚಿ. ನಾನು ಒಮ್ಮೆ ಒಂದನ್ನು ಅರ್ಧ ಬಿಟ್ಟು ಅಡುಗೆಮನೆಗೆ ಹೋಗಿದ್ದೆ. 3 ಬಾರ್ ಮುಟ್ಟಿದೊಡನೆ ಸೇಫ್ಟಿ ವಾಲ್ವ್ ತೆರೆದು ಹೊರಗಿನ ಗೋಡೆಯ ಪೈಪಿನಿಂದ ನೀರೋ ನೀರು! ವಾರವಾರ ತುಂಬಿಸಬೇಕಾಗಿ ಬಂದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಮನೆ ಮಾಲೀಕರಿಗೆ ಹೇಳಿ.

ಬರ್ನರ್‌ನ ಗ್ಯಾಸ್ ಪ್ರೆಷರ್ ಬೇರೆಯೇ ವಿಷಯ. ಅದರ ಸ್ಕ್ರೂ ಕವರ್ ಒಳಗಿದೆ. ಒತ್ತಡ ಅಳೆಯುವ ಮ್ಯಾನೋಮೀಟರ್ ಹಾಕಿ, ಹೊಗೆ ಅಳೆದು ಹೊಂದಿಸುವ ಕೆಲಸ ಅದು. ಲೆಕ್ಕ ತಪ್ಪಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಗಾಳಿ ಹುಟ್ಟುತ್ತದೆ. ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಯೂಟ್ಯೂಬ್ ನೋಡಿ ಕೈ ಹಾಕುವ ಇಂಜಿನಿಯರ್‌ಗಳು ನಮ್ಮಲ್ಲೇ ಜಾಸ್ತಿ, ಅಲ್ವಾ? ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದು ಹಾಕಿಸಿಕೊಳ್ಳಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ತೆರೆದು, ಹೊರಗೆ ಬಂದು 0800 111 999ಕ್ಕೆ ಫೋನ್ ಮಾಡಿ.

ರಿಪೇರಿಗೆ ಬರುವವರು ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಇರಬೇಕು, ಅದು ಕಾನೂನು. ಕಾರ್ಡ್ ಕೇಳಲು ಸಂಕೋಚ ಬೇಡ. ತಿರುಗಿಸಿಯೂ ನೋಡಿ, ಅವರು ಯಾವ ಕೆಲಸ ಮಾಡಬಹುದು ಎಂಬುದು ಹಿಂದೆ ಬರೆದಿರುತ್ತದೆ.