ಏರ್ ರೈಫಲ್: ಯಾವುದನ್ನು ನೀವೇ ಬಿಚ್ಚಬಹುದು, ಯಾವುದನ್ನು ಮುಟ್ಟಬಾರದು?

ಏರ್ ರೈಫಲ್ ಕೊಂಡ ಕೆಲವೇ ದಿನಕ್ಕೆ ಎಷ್ಟೋ ಜನ ಸ್ಕ್ರೂಡ್ರೈವರ್ ಹಿಡಿದು ಕೂರುತ್ತಾರೆ. ಗುರಿ ತಪ್ಪುತ್ತಿದೆ, ಟ್ರಿಗರ್ ಗಟ್ಟಿ ಅನ್ನಿಸುತ್ತಿದೆ, ಯಾವುದೋ ವಿಡಿಯೊ ನೋಡಿದ್ದಾರೆ. ಕೊನೆಗೆ ಸ್ಕ್ರೂ ತಲೆ ಸವೆದು, ಒಳಗಿನ ವಾಷರ್ ಕಳೆದು, ರೈಫಲ್ ಮೊದಲಿಗಿಂತ ಕೆಟ್ಟಿರುತ್ತದೆ. ಇಲ್ಲಿ ಹೇಳುತ್ತಿರುವುದು ನಳಿಗೆ ಮಡಚಿ ಲೋಡ್ ಮಾಡುವ, ಸ್ಪ್ರಿಂಗ್ ಇರುವ .177 ರೈಫಲ್ ಬಗ್ಗೆ.

ಹಂತ 1: ಕಾನೂನು

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ಒಳ ಅಳತೆ .177 ಇಂಚು (4.5 ಮಿ.ಮೀ.) ಮೀರದೆ, ಗುಂಡಿನ ಶಕ್ತಿ 20 ಜೂಲ್ ದಾಟದಿದ್ದರೆ ಲೈಸೆನ್ಸ್ ಬೇಡ. ಪವರ್ ಜಾಸ್ತಿ ಮಾಡಲು ಹೋಗಿ ಆ ಗೆರೆ ದಾಟಿದರೆ ಲೈಸೆನ್ಸ್ ಇಲ್ಲದ ಆಯುಧ ಇಟ್ಟುಕೊಂಡಂತಾಗುತ್ತದೆ. ಮದ್ದಿನ ಕೋವಿಯಾದರೆ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು ಎನ್ನುತ್ತದೆ 1959ರ ಶಸ್ತ್ರಾಸ್ತ್ರ ಕಾಯ್ದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ. ಅದನ್ನು ಬದಲಾಯಿಸುವುದಕ್ಕೆ ಅಂದುಕೊಳ್ಳಬೇಡಿ.

ಹಂತ 2: ತಪ್ಪು ರೈಫಲ್‌ದೇನಾ?

ಎಲ್ಲರೂ ಎಡವುವುದು ಇಲ್ಲೇ. ಪರೀಕ್ಷೆ ಮಾಡದೆ ಬಿಚ್ಚುತ್ತಾರೆ.

ಮೊದಲು ಸ್ಟಾಕ್‌ನ, ಅಂದರೆ ಕೈಯಲ್ಲಿ ಹಿಡಿದು ಭುಜಕ್ಕಿಡುವ ಹಿಡಿಯ ಸ್ಕ್ರೂಗಳನ್ನು ನೋಡಿ. ಮುಂಭಾಗದ ಎರಡೂ ಪಕ್ಕದಲ್ಲಿ ಒಂದೊಂದು, ಟ್ರಿಗರ್ ಗಾರ್ಡ್ ಹತ್ತಿರ ಒಂದೆರಡು ಇರುತ್ತವೆ. ಸ್ಪ್ರಿಂಗ್‌ನ ಅದುರಿಗೆ ಇವು ತಾವಾಗಿಯೇ ಸಡಿಲವಾಗುತ್ತವೆ. ಸರಿಯಾದ ಅಳತೆಯ ಅಲೆನ್ ಕೀಯಲ್ಲಿ ಹಿತವಾಗಿ ಬಿಗಿ ಮಾಡಿ. ಪದೇ ಪದೇ ಸಡಿಲವಾದರೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ತೊಟ್ಟು ಸಾಕು. ಕೆಂಪು ಬೇಡವೇ ಬೇಡ, ಆಮೇಲೆ ಕಾಯಿಸದೆ ಬಿಚ್ಚಲಾಗದು.

ಆಮೇಲೆ ಪೆಲೆಟ್, ಅಂದರೆ ಈ ರೈಫಲ್‌ಗೆ ಹಾಕುವ ಸಣ್ಣ ಗುಂಡು. ಒಂದೇ ಕಂಪನಿಯ ಪೆಲೆಟ್ಟೂ 4.49, 4.50, 4.51 ಮಿ.ಮೀ. ಎಂದು ಬೇರೆ ಬೇರೆ ತಲೆ ಅಳತೆಯಲ್ಲಿ ಬರುತ್ತದೆ. ನಿಮ್ಮ ನಳಿಗೆಗೆ ಯಾವುದು ಒಗ್ಗುತ್ತದೆ ಅಂತ ಹೊಡೆದೇ ನೋಡಬೇಕು. ಬಾಲದ ಅಂಚು ನಜ್ಜುಗುಜ್ಜಾದದ್ದನ್ನು ಪಕ್ಕಕ್ಕಿಡಿ.

ಮೂರನೆಯದು ಹಿಡಿತ. ಸ್ಪ್ರಿಂಗ್ ರೈಫಲ್ ಗುಂಡು ನಳಿಗೆ ಬಿಡುವ ಮೊದಲೇ ಅಲುಗುತ್ತದೆ. ಬಿಗಿಯಾಗಿ ಅದುಮಿದರೆ ಪ್ರತಿ ಸಲ ಬೇರೆ ಕಡೆ ಬೀಳುತ್ತದೆ. ಎಡ ಅಂಗೈಯನ್ನು ಬಿಚ್ಚಿಟ್ಟು, ರೈಫಲ್ ಅದರ ಮೇಲೆ ಸುಮ್ನೆ ಕೂರುವಂತೆ ಬಿಡಿ. ಮರಳಿನ ಚೀಲವಿದ್ದರೆ ಕೈಯನ್ನು ಅದರ ಮೇಲಿಡಿ, ರೈಫಲ್ಲನ್ನಲ್ಲ.

ಈಗ 10 ಮೀಟರ್‌ನಿಂದ 5 ಪೆಲೆಟ್ ಹೊಡೆಯಿರಿ. ಕಣ್ಣಿಗೆ ಕನ್ನಡಕ, ಗುರಿಯ ಹಿಂದೆ ಗಟ್ಟಿ ತಡೆ ಇರಲಿ. ಐದೂ ಒಂದೆಡೆ ಬಿದ್ದು ಮಧ್ಯದಿಂದ ಆಚೆಗಿದ್ದರೆ ಸೈಟ್ (ಗುರಿ ನೋಡುವ ಭಾಗ) ತಿರುಗಿಸಿದರೆ ಮುಗಿಯಿತು. ಚದುರಿದ್ದರೆ ಶೂಟಿಂಗ್ ರೇಂಜ್‌ನಲ್ಲಿ ಪಳಗಿದವರ ಕೈಗೆ ಅದೇ ರೈಫಲ್, ಅದೇ ಪೆಲೆಟ್ ಕೊಡಿ. ಅವರಿಗೆ ಸರಿ ಬಿದ್ದರೆ ರೈಫಲ್ ಚೆನ್ನಾಗಿದೆ, ಬೇಕಿರುವುದು ಅಭ್ಯಾಸ.

ಹಂತ 3: ಹೊರಗಿನದು ನಿಮ್ಮದು

ಸೈಟ್, ಸ್ಕೋಪ್, ಭುಜಕ್ಕೆ ರಬ್ಬರ್ ಪ್ಯಾಡ್, ಕೆನ್ನೆ ಒರಗಿಸಲು ಎತ್ತರದ ಪಟ್ಟಿ: ಇವನ್ನು ಧೈರ್ಯವಾಗಿ ನೀವೇ ಮಾಡಿ. ತಪ್ಪಿದರೆ ಗುರಿ ತಪ್ಪುತ್ತದೆ, ಅಷ್ಟೇ. ಸ್ಕೋಪ್ ಮಾತ್ರ ಸ್ಪ್ರಿಂಗ್ ಏರ್‌ಗನ್‌ಗೆಂದೇ ಮಾಡಿದ್ದನ್ನು ಕೊಳ್ಳಿ. ಈ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ, ಅಗ್ಗದ ಸ್ಕೋಪ್‌ನ ಒಳಗಿನ ಗೆರೆ ಕಳಚಿ ಬೀಳುತ್ತದೆ.

ಹಂತ 4: ಒಳಗಿನದು ಗನ್‌ಸ್ಮಿತ್‌ಗೆ (ಕೋವಿ ರಿಪೇರಿ ಮಾಡುವವರಿಗೆ)

ಟ್ರಿಗರ್‌ಗೆ ಕಂಪನಿ ಸ್ಕ್ರೂ ಕೊಟ್ಟಿದ್ದರೆ ಕೈಪಿಡಿಯಲ್ಲಿ ಹೇಳಿದಷ್ಟೇ ತಿರುಗಿಸಿ. ಸ್ಪ್ರಿಂಗನ್ನು ಹಿಡಿದಿಡುವ ಒಳಗಿನ ಕೊಕ್ಕೆಯನ್ನು ಅರದಿಂದ ಉಜ್ಜಬೇಡಿ. ಅದರ ಹಿಡಿತ ಕಡಿಮೆಯಾದರೆ ಪೆಲೆಟ್ ಇಡುವಾಗಲೇ ಸ್ಪ್ರಿಂಗ್ ಬಿಟ್ಟುಕೊಂಡು ನಳಿಗೆ ರಪ್ಪನೆ ಮುಚ್ಚಿಕೊಳ್ಳಬಹುದು, ಬೆರಳೇ ತುಂಡಾಗಬಹುದು. ಟ್ರಿಗರ್ ಚೆನ್ನಾಗಿದ್ದರೂ ಲೋಡ್ ಮಾಡುವಾಗ ಇನ್ನೊಂದು ಕೈ ನಳಿಗೆಯನ್ನು ಬಿಡಬಾರದು.

ಸ್ಪ್ರಿಂಗ್ ಸುದ್ದಿಗೂ ಹೋಗಬೇಡಿ. ರೈಫಲ್ ಸುಮ್ಮನಿದ್ದಾಗಲೂ ಅದು ಒತ್ತಿಕೊಂಡೇ ಇರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ (ಸ್ಪ್ರಿಂಗನ್ನು ಒತ್ತಿ ಹಿಡಿಯುವ ಸಾಧನ) ಇಲ್ಲದೆ ಹಿಂದಿನ ಮುಚ್ಚಳ ತೆಗೆದರೆ ಮುಖಕ್ಕೇ ಹಾರುತ್ತದೆ. ಮೆತ್ತಗಾಗಲಿ ಅಂತ ಗಾಳಿ ಬರುವ ತೂತಿಗೆ ಮೆಷಿನ್ ಎಣ್ಣೆ ಬಿಡುವುದೂ ಬೇಡ. ಒತ್ತಡದ ಬಿಸಿಗೆ ಎಣ್ಣೆ ಹೊತ್ತಿಕೊಂಡು ಸೀಲ್ ಹಾಳಾಗುತ್ತದೆ.

ಗನ್‌ಸ್ಮಿತ್ ಹತ್ತಿರ ಹೋಗುವಾಗ ಖಾಲಿ ರೈಫಲ್ ಜೊತೆಗೆ ಆ ಐದು ತೂತಿನ ಕಾಗದ, ಹೊಡೆದ ಪೆಲೆಟ್ ಡಬ್ಬಿ ಎರಡನ್ನೂ ಒಯ್ಯಿರಿ. ವಾರಂಟಿ ಮುಗಿದಿಲ್ಲದಿದ್ದರೆ ಮೊದಲು ಕಂಪನಿಗೇ ಕಳಿಸಿ.