ಬಣ್ಣ ಇಳಿದಷ್ಟೂ ಫ್ಲೋರೈಡ್ ಜಾಸ್ತಿ

ಚಿತ್ರದುರ್ಗ ಜಿಲ್ಲೆಯಲ್ಲಿ ನೀರು ಪರೀಕ್ಷೆ ಮಾಡುವವರಿಗೆ ಫ್ಲೋರೈಡ್ ತಪ್ಪಿದ್ದಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯಿಂದ ಬೋರ್‌ವೆಲ್ ನೀರು ತರುವವರು ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಕನ್ನಡಿ ಇದ್ದಂಗೆ ಐತಲ್ಲ ಮೇಡಂ, ಇದ್ರಾಗೆ ಏನಿರ್ತೈತೆ?" ಅನ್ನುತ್ತಾರೆ. ಕೇಳುವುದು ಸರಿಯಾಗೇ ಇದೆ. ಫ್ಲೋರೈಡ್ ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದೇ ಇಲ್ಲ. ಹಾಗೇ ತೆಗೆದುಕೊಂಡು ಹೋಗಿ, ದ್ರಾವಣ ಎಷ್ಟು ಬೆಳಕು ಹೀರಿತು ಎಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿಟ್ಟರೆ ಅದಕ್ಕೂ ಬರೀ ನೀರೇ.

ಅದಕ್ಕೇ ಬಣ್ಣ ಬೇಕು. ನಾನು ಮಾಡುವುದು ಸ್ಪಾಡ್ನ್ಸ್ ವಿಧಾನ. ಸ್ಪಾಡ್ನ್ಸ್ ಎಂಬ ಬಣ್ಣದ್ರವ್ಯ ಆಮ್ಲದಲ್ಲಿ ಜಿರ್ಕೋನಿಯಂ ಎಂಬ ಲೋಹದ ಜೊತೆ ಕೂಡಿ ಕೆಂಪಗಿರುತ್ತದೆ. ಫ್ಲೋರೈಡ್ ಬಂದರೆ ಜಿರ್ಕೋನಿಯಂ ಅನ್ನು ತನ್ನ ಕಡೆ ಎಳೆದುಕೊಂಡು, ಬಣ್ಣವಿಲ್ಲದ ಸಂಯುಕ್ತವಾಗುತ್ತದೆ, ಕೆಂಪು ಇಳಿಯುತ್ತದೆ. ಎಷ್ಟು ಇಳಿಯಿತು ಅನ್ನುವುದೇ ನಮ್ಮ ಲೆಕ್ಕ.

ಅಳೆಯುವುದು 570 ನ್ಯಾನೋಮೀಟರ್‌ನಲ್ಲಿ, ಅಂದರೆ ಹಳದಿ ಹಸಿರು ಬೆಳಕಿನಲ್ಲಿ. ಕೆಂಪು ದ್ರಾವಣಕ್ಕೆ ಕೆಂಪು ಬೆಳಕು ಯಾಕಲ್ಲ ಎಂದು ಹೊಸ ಹುಡುಗರು ಕೇಳುತ್ತಾರೆ. ದ್ರಾವಣ ಕೆಂಪಗೆ ಕಾಣುವುದೇ ಅದು ಕೆಂಪನ್ನು ಬಿಟ್ಟುಕೊಡುವುದರಿಂದ. ನಮಗೆ ಬೇಕಿರುವುದು ಅದು ನುಂಗುವ ಬೆಳಕು. ಒಳಗೆ ಹೋದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲು ಹೊರಬಂದರೆ ಅಬ್ಸಾರ್ಬೆನ್ಸ್ (ಹೀರಿಕೆಯ ಅಳತೆ) 1, ನೂರರಲ್ಲೊಂದು ಬಂದರೆ 2. ಬೆಳಕು ಸಾಗುವ ದಾರಿ ಉದ್ದವಾದಷ್ಟೂ ಹೀರಿಕೆ ಏರುತ್ತದೆ ಎಂದು ವಿಜ್ಞಾನಿಗಳಾದ ಬೂಗೇ 1729ರಲ್ಲಿ, ಲ್ಯಾಂಬರ್ಟ್ 1760ರಲ್ಲಿ ಬರೆದರು. ದ್ರಾವಣದ ಸಾಂದ್ರತೆಯನ್ನು ಅದಕ್ಕೆ ಸೇರಿಸಿದವನು ಬಿಯರ್, 1852ರಲ್ಲಿ. ಕುವೆಟ್ (ದ್ರಾವಣ ಹಾಕಿಡುವ ಪುಟ್ಟ ಪಾರದರ್ಶಕ ಪಾತ್ರೆ) 1 ಸೆಂಟಿಮೀಟರ್ ಎಂದು ಗೊತ್ತಿದ್ದರೆ ಉಳಿಯುವುದು ಸಾಂದ್ರತೆಯೊಂದೇ.

ಕಬ್ಬಿಣವನ್ನು ಫಿನಾಂತ್ರೊಲಿನ್ ಎಂಬ ಬಣ್ಣ ಬರಿಸುವ ರಾಸಾಯನಿಕ ಹಾಕಿ 510ರಲ್ಲಿ ನೋಡುವಾಗ ಕಬ್ಬಿಣ ಏರಿದಂತೆ ಗ್ರಾಫಿನ ಗೆರೆ ಏರುತ್ತದೆ. ಇಲ್ಲಿ ಉಲ್ಟಾ. ಫ್ಲೋರೈಡೇ ಇಲ್ಲದ ಡಿಸ್ಟಿಲ್ಡ್ ನೀರಿಗೆ ಅತಿ ಹೆಚ್ಚು ರೀಡಿಂಗ್, ಅಲ್ಲಿಂದ ಗೆರೆ ಇಳಿಜಾರು. ಯಂತ್ರ ಫ್ಲೋರೈಡನ್ನು ಅಳೆಯುವುದಿಲ್ಲ, ಬೆಳಕನ್ನಷ್ಟೇ ಅಳೆಯುತ್ತದೆ ಎಂದು ಕಲಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಕಂಡಿಲ್ಲ.

ಸ್ಟ್ಯಾಂಡರ್ಡ್‌ಗೆ (ಫ್ಲೋರೈಡ್ ಎಷ್ಟಿದೆ ಎಂದು ಗೊತ್ತಿರುವ, ಹೋಲಿಕೆಯ ದ್ರಾವಣ) ಒಣ ಸೋಡಿಯಂ ಫ್ಲೋರೈಡ್ 221 ಮಿಲಿಗ್ರಾಂ ತೂಗಿ ಒಂದು ಲೀಟರ್ ಮಾಡಿದರೆ ಲೀಟರ್‌ಗೆ 100 ಮಿಲಿಗ್ರಾಂ ಫ್ಲೋರೈಡ್. ಅದನ್ನು ತೆಳುಮಾಡಿ ಲೀಟರ್‌ಗೆ 0ಯಿಂದ 1.4 ಮಿಲಿಗ್ರಾಂವರೆಗೆ ಸಾಲು ಮಾಡಿಕೊಳ್ಳುತ್ತೇನೆ. ಪ್ರತಿಯೊಂದರಲ್ಲೂ 50 ಮಿಲಿಲೀಟರ್‌ಗೆ 10 ಮಿಲಿಲೀಟರ್ ರೀಏಜೆಂಟ್ (ಆ ಕೆಂಪು ಸ್ಪಾಡ್ನ್ಸ್ ದ್ರಾವಣ), ಪಿಪೆಟ್‌ನಲ್ಲೇ. ಬಣ್ಣವೇ ಲೆಕ್ಕವಾದ್ದರಿಂದ ರೀಏಜೆಂಟ್ ಒಂದು ಹನಿ ಆಚೀಚೆ ಆದರೂ ಉತ್ತರ ಅಲುಗಾಡುತ್ತದೆ. ಸ್ಯಾಂಪಲ್ಲೂ ಸ್ಟ್ಯಾಂಡರ್ಡೂ ಒಂದೇ ಬಿಸಿಯಲ್ಲಿರಬೇಕು. ದುರ್ಗದ ಏಪ್ರಿಲ್ ಮಧ್ಯಾಹ್ನ ಫ್ರಿಜ್ಜಿನಿಂದ ತೆಗೆದ ಸ್ಟ್ಯಾಂಡರ್ಡನ್ನು ಆಗಲೇ ಬಳಸುವಂತಿಲ್ಲ. ಎಲ್ಲವನ್ನೂ ಒಂದೇ ಟ್ರೇಯಲ್ಲಿ ಬಿಟ್ಟು, ಆಮೇಲೆ ಓದುತ್ತೇನೆ. ಸ್ಯಾಂಪಲ್ ತರಲು ಪ್ಲಾಸ್ಟಿಕ್ ಬಾಟಲಿಯೇ ಒಳ್ಳೆಯದು.

ಸ್ಯಾಂಪಲ್ 1.4 ದಾಟಿದರೆ ಗೆರೆಯನ್ನು ಎಳೆದು ಮುಂದುವರಿಸುವುದು ಬೇಡ. 25 ಮಿಲಿಲೀಟರ್ ಸ್ಯಾಂಪಲ್‌ಗೆ ಡಿಸ್ಟಿಲ್ಡ್ ನೀರು ಸೇರಿಸಿ 50 ಮಾಡಿ, ಬಂದದ್ದನ್ನು ಎರಡರಿಂದ ಗುಣಿಸಿದರೆ ಆಯಿತು. 0.9 ಬಂದರೆ 1.8. ಗುಣಮಟ್ಟ ನಿಗದಿ ಮಾಡುವ ಬಿಐಎಸ್ ಕುಡಿಯುವ ನೀರಿಗೆ ಮಿತಿ 1.0 ಹೇಳುತ್ತದೆ, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಅಲ್ಲಿಗೆ ಆ ಬೋರು ಕುಡಿಯಲು ಆಗದು.

ಮೋಸ ಮಾಡುವ ಸ್ಯಾಂಪಲ್‌ಗಳು ಎರಡು ತರಹ. ಬ್ಲೀಚಿಂಗ್ ಪುಡಿ ಹಾಕಿದ ಟ್ಯಾಂಕಿನ ನೀರಿನಲ್ಲಿ ಕ್ಲೋರಿನ್ನೇ ಬಣ್ಣ ಕೆಡಿಸಿ, ಇಲ್ಲದ ಫ್ಲೋರೈಡ್ ತೋರಿಸುತ್ತದೆ. ಮೊದಲು ಸೋಡಿಯಂ ಆರ್ಸೆನೈಟ್ ಹಾಕಿ ಕ್ಲೋರಿನ್ ತೆಗೆಯಬೇಕು, ಅದೂ ವಿಷ, ಕೈಗೆ ಗ್ಲೌಸ್ ಇರಲಿ. ಇನ್ನೊಂದು, ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನದಲ್ಲಿ ಪಟಿಕ ಹಾಕಿ ಶುದ್ಧ ಮಾಡಿದ ನೀರು. ಪಟಿಕದಿಂದ ಉಳಿದ ಅಲ್ಯೂಮಿನಿಯಂ, ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುವುದರಿಂದ ಬಣ್ಣ ಇಳಿಯುವುದಿಲ್ಲ, ನೀರು ಇದ್ದದ್ದಕ್ಕಿಂತ ಚೆನ್ನಾಗಿದೆ ಅನ್ನಿಸುತ್ತದೆ. ನನ್ನ ಪ್ರಕಾರ ಇದೇ ಹೆಚ್ಚು ಅಪಾಯ, ಏಕೆಂದರೆ ರಿಪೋರ್ಟ್ ನೋಡಿ ಜನ ಧೈರ್ಯವಾಗಿ ಕುಡಿಯುತ್ತಾರೆ. ಅಂಥದ್ದನ್ನು ಬಟ್ಟಿ ಇಳಿಸದೆ ಯಂತ್ರಕ್ಕೆ ಇಡುವುದಿಲ್ಲ. ಹಾಗಾಗಿ ಬಾಟಲಿ ತಗೊಳ್ಳುವಾಗಲೇ ಕೇಳಿಬಿಡುತ್ತೇನೆ: "ಇದು ಬೋರಿಂದ ನೇರ ಹಿಡಿದಿದ್ದಾ ಅಣ್ಣ, ಇಲ್ಲ ಪಟಿಕ ಹಾಕಿದ್ದಾ?"