ಕ್ಲೌಸ್ ಶ್ವಾಬ್ ಜಾತಕ ನೋಡಲು ಹೊರಟಾಗ

ಶಿರಸಿಯ ನಮ್ಮ ಅಡಿಕೆ ಬೆಳೆಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಚಾಲಿ, ರಾಶಿ ದರಗಳ ನಡುವೆ ಕ್ಲೌಸ್ ಶ್ವಾಬ್ ಕೂಡ ಆಗಾಗ ಬರುತ್ತಿದ್ದರು. ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ವರ್ಷಕ್ಕೊಮ್ಮೆ ಶ್ರೀಮಂತರನ್ನೂ ಮಂತ್ರಿಗಳನ್ನೂ ಒಂದೆಡೆ ಸೇರಿಸುವ ವಿಶ್ವ ಆರ್ಥಿಕ ವೇದಿಕೆಯ ಸ್ಥಾಪಕರು ಅವರು. ಸಂದೇಶದ ಪ್ರಕಾರ ಅವರ ತಂದೆ ಹಿಟ್ಲರನ ಸೇನಾಧಿಕಾರಿ, ತಾಯಿ ಯಹೂದಿ ಬ್ಯಾಂಕರುಗಳಾದ ರಾಥ್‌ಚೈಲ್ಡ್ ಮನೆತನದವರು, 2030ರೊಳಗೆ ಎಲ್ಲರ ಆಸ್ತಿ ಕಸಿಯುವುದು ಇವರ ಸಂಚು. ಸೊಪ್ಪಿನ ಬೆಟ್ಟದಲ್ಲಿ (ಅಡಿಕೆ ತೋಟಕ್ಕೆ ಹಸಿರು ಸೊಪ್ಪು ತರುವ ಕಾಡಿನಲ್ಲಿ) ಸೊಪ್ಪು ಕೊಯ್ಯುವ ಹಕ್ಕು ನಿಮ್ಮದು, ಬೆಟ್ಟ ಮಾತ್ರ ಸರ್ಕಾರದ್ದು ಎಂದು ತಲೆಮಾರುಗಳಿಂದ ಕೇಳಿಸಿಕೊಂಡ ನಮಗೆ ಇಂಥ ಸುದ್ದಿ ಬೇಗ ನಾಟುತ್ತದೆ.

"ಭಾವಾ, ನೀವು ಪೇಪರ್ ಓದುವವರು, ಇದು ನಿಜವೋ ನೋಡಿ" ಎಂದು ಹೆಂಡತಿಯ ತಮ್ಮ ಕೇಳಿದ. ಸಂದೇಶವನ್ನು ಇಡಿಯಾಗಿ ನಂಬುವುದನ್ನೂ ಇಡಿಯಾಗಿ ತಳ್ಳುವುದನ್ನೂ ಬಿಟ್ಟು, ವಾಕ್ಯ ವಾಕ್ಯವಾಗಿ ಕತ್ತರಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಮೊದಲು ಕುಲ. ಅಪ್ಪನದೆಂದು ಸಂದೇಶದ ಜೊತೆ ಬಂದಿದ್ದ ಸಮವಸ್ತ್ರದ ಫೋಟೊವನ್ನು, ಚಿತ್ರದ ಮೂಲ ಹುಡುಕುವ ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅದು ಬೇರೊಬ್ಬ ಜರ್ಮನ್ ಸೇನಾಧಿಕಾರಿಯದು. ರಾಥ್‌ಚೈಲ್ಡ್ ನಂಟಿಗೆ ಯಾವ ಆಧಾರವೂ ಇಲ್ಲ. ಲೋಕದ ಕೆಡುಕಿಗೆಲ್ಲ ಯಹೂದಿ ಮನೆತನವೊಂದನ್ನು ಹೊಣೆ ಮಾಡುವ ಹಳೆಯ ಚಾಳಿ ಅದು. (ಅಪ್ಪ ನಾಜಿ, ಅಮ್ಮ ಯಹೂದಿ ಎಂದು ಒಂದೇ ಉಸಿರಿನಲ್ಲಿ ಬರೆದವನಿಗೆ ತನ್ನ ಮೇಲೇ ಅನುಮಾನ ಬರಲಿಲ್ಲವಲ್ಲ!) ಆದರೆ ಅಲ್ಲಿಗೆ ಕಡತ ಮುಚ್ಚುವಂತಿರಲಿಲ್ಲ. ತಂದೆ ಯೂಗನ್ ಶ್ವಾಬ್, ಜರ್ಮನಿಯ ರಾವೆನ್ಸ್‌ಬರ್ಗ್‌ನಲ್ಲಿದ್ದ ಎಶರ್ ವಿಸ್ ಯಂತ್ರ ಕಾರ್ಖಾನೆಯ ಮುಖ್ಯಸ್ಥರಾಗಿದ್ದರು. ಯುದ್ಧಕಾಲದಲ್ಲಿ ಅಲ್ಲಿ ಬಲವಂತದ ಕೂಲಿಗಳನ್ನು ದುಡಿಸಿಕೊಂಡದ್ದು ನಿಜ. ಮಗ ಹುಟ್ಟಿದ್ದು 1938ರಲ್ಲಿ. ಯುದ್ಧ ಮುಗಿದಾಗ ಏಳು ವರ್ಷದ ಹುಡುಗ. ಅಪ್ಪನ ಲೆಕ್ಕವನ್ನು ಅವನ ತಲೆಗೆ ಕಟ್ಟಲು ನನಗೆ ಮನಸ್ಸಾಗಲಿಲ್ಲ.

ಆಸ್ತಿಯ ಮಾತು ಬೇಗ ಇತ್ಯರ್ಥವಾಯಿತು. ಇದಕ್ಕೆ ಸಾಕ್ಷಿಯೆಂದು ಶ್ವಾಬ್ ಹೆಸರಿನಲ್ಲಿ ಹರಿದಾಡುವ 'ನಿಮ್ಮ ಬಳಿ ಏನೂ ಇರುವುದಿಲ್ಲ, ಆದರೂ ಸುಖವಾಗಿರುತ್ತೀರಿ' ಎಂಬ ಮಾತು ಅವರು ಹೇಳಿದ್ದಲ್ಲ. ಡೆನ್ಮಾರ್ಕಿನ ಸಂಸದೆ ಇಡಾ ಔಕನ್ 2016ರಲ್ಲಿ ಬರೆದ ಭವಿಷ್ಯದ ಕಲ್ಪನೆಯೊಂದರಿಂದ ಹುಟ್ಟಿದ್ದು. ಇದು ತನ್ನ ಕನಸಲ್ಲ ಎಂದು ಆಕೆಯೇ ಸ್ಪಷ್ಟಪಡಿಸಿದ್ದಾರೆ. ಆದರೆ ಅದನ್ನು ವೀಡಿಯೊ ಮಾಡಿ ಹಂಚಿದ್ದು ವೇದಿಕೆಯೇ. ಊರೆಲ್ಲ ಹೆದರಿತೆಂದು ಅವರು ಈಗ ದೂರುವಂತಿಲ್ಲ.

ನಿಜವಾದ ಹುರುಳು ಸಿಕ್ಕಿದ್ದು ಸಂದೇಶದಲ್ಲಿ ಇಲ್ಲದ ಕಡೆ. ಹಣ ಯಾರದು, ಬಾಗಿಲು ಯಾರಿಗೆ ತೆರೆಯುತ್ತದೆ ಎಂದು ಹುಡುಕತೊಡಗಿದೆ. 1971ರಲ್ಲಿ ಯುರೋಪಿನ ವ್ಯವಸ್ಥಾಪಕರ ಕೂಟವಾಗಿ ಶುರುವಾಗಿ 1987ರಲ್ಲಿ ಹೆಸರು ಬದಲಿಸಿಕೊಂಡ ಈ ಸಂಸ್ಥೆ ನಡೆಯುವುದು ಮುಖ್ಯವಾಗಿ ದೊಡ್ಡ ಕಂಪನಿಗಳ ಶುಲ್ಕದಿಂದ. ಯಾರೂ ಮತ ಹಾಕಿ ಆರಿಸಿದ ಸಭೆಯಲ್ಲ. ಆದರೂ 2019ರಲ್ಲಿ ವಿಶ್ವಸಂಸ್ಥೆಯೇ ಅದರೊಂದಿಗೆ ಸಹಭಾಗಿತ್ವದ ಒಪ್ಪಂದಕ್ಕೆ ಸಹಿ ಹಾಕಿತು. ತಮ್ಮ ಯುವ ನಾಯಕರ ತರಬೇತಿಯಿಂದ ಬಂದವರು ಕೆನಡಾದ ಸಂಪುಟದಲ್ಲಿ ಅರ್ಧದಷ್ಟು, ಇಲ್ಲವೇ ಅದಕ್ಕಿಂತ ಹೆಚ್ಚಿದ್ದಾರೆ ಎಂದು ಶ್ವಾಬ್ 2017ರಲ್ಲಿ ಹಾರ್ವರ್ಡ್‌ನಲ್ಲಿ ಹೆಮ್ಮೆಯಿಂದಲೇ ಹೇಳಿದ್ದರು. ಆ ವೀಡಿಯೊವನ್ನು ತುಣುಕಾಗಿ ಅಲ್ಲ, ಹಿಂದು ಮುಂದಿನೊಂದಿಗೆ ನೋಡಿದೆ. 2022ರಲ್ಲಿ ನಮ್ಮ ಮುಖ್ಯಮಂತ್ರಿಯಾಗಿದ್ದ ಬೊಮ್ಮಾಯಿಯವರೂ ಬಂಡವಾಳ ತರಲು ದಾವೋಸ್‌ಗೆ ಹೋಗಿದ್ದರು. ಇದರಲ್ಲಿ ಗುಟ್ಟೇನೂ ಇಲ್ಲ, ಎಲ್ಲ ಹಾಡುಹಗಲೇ ನಡೆಯುವ ವ್ಯವಹಾರ. ಕಂಪನಿಗಳ ದುಡ್ಡಿನ ಮಂಟಪದಲ್ಲಿ ಜನರ ಪ್ರತಿನಿಧಿಗಳು ಏನು ಮಾತು ಕೊಟ್ಟು ಬರುತ್ತಾರೆ ಎಂದು ಕೇಳುವ ಹಕ್ಕು ನಮಗಿದೆ, ಅದಕ್ಕೆ ನಾಜಿ ಅಪ್ಪ ಬೇಕಾಗಿಲ್ಲ.

ಶ್ವಾಬ್ 2025ರ ಏಪ್ರಿಲ್‌ನಲ್ಲಿ ಹುದ್ದೆ ಬಿಟ್ಟರು. ಹಣದ ಬಳಕೆ, ನಡವಳಿಕೆಯ ಬಗ್ಗೆ ದೂರುಗಳಿದ್ದವು. ಗಂಭೀರ ತಪ್ಪು ಕಂಡುಬಂದಿಲ್ಲ ಎಂದು ಆಗಸ್ಟ್‌ನಲ್ಲಿ ತನಿಖೆ ಮುಗಿಯಿತು. ತನಿಖೆ ಮಾಡಿಸಿದ್ದು ಅದೇ ವೇದಿಕೆಯ ಆಡಳಿತ ಮಂಡಳಿ. ಇದಿಷ್ಟನ್ನೂ ಗುಂಪಿಗೆ ಬರೆದು ಹಾಕಿದೆ. "ಹಾಗಾದರೆ ಮನುಷ್ಯ ಒಳ್ಳೆಯವನೋ ಕೆಟ್ಟವನೋ, ಅದನ್ನು ಹೇಳಿ ಭಾವಾ" ಎಂದ ಮೈದುನ. ಉಳಿದವರು ಅಂದಿನ ಚಾಲಿ ದರ ಕೇಳಿದರು.